ಬಾಗಿಲಲ್ಲಿ ಕೊಟ್ಟ ಕರಿ ರೊಟ್ಟಿ

ರಷ್ಯಾದವರ ಊಟ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅವ್ವ. ಅವ್ವ ಅದನ್ನು ತಿನ್ನಲೇ ಇಲ್ಲ. ತಿಂದವಳು ನಾನು. ಬಾಯಿ ಚಪ್ಪರಿಸಿ ತಿಂದೆ, ಇನ್ನಷ್ಟು ಬೇಕು ಎಂದು ಕೇಳಿಯೂ ತಿಂದೆ.

ನಮ್ಮ ಊರು ಭಾಲ್ಕಿ ತಾಲೂಕಿನ ಭಾತಂಬ್ರಾ. ನಮ್ಮ ಬೀದರ್ ಜಿಲ್ಲೆ ಹೈದರಾಬಾದಿನ ಆಡಳಿತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹಳೆಯ ಕಚೇರಿಗಳ ಮೇಲೆ ಕನ್ನಡದ ಹೊಸ ಬೋರ್ಡುಗಳು ಬಂದಿದ್ದವು. ಉರ್ದು ಕಲಿತವರು ಏಕಾಏಕಿ ಅನಕ್ಷರಸ್ಥರಾಗಿದ್ದರು. ಅಪ್ಪ ಅಂಥವರಲ್ಲಿ ಒಬ್ಬ. ಸಾಲೆಯ ಹೊರಜಗುಲಿಯಲ್ಲಿ ಕೂತು ಕಿವಿಯಿಂದಲೇ ಕಲಿತ ಉರ್ದು ಅವನದು. ಅದನ್ನು ಹಿಡಿದುಕೊಂಡು ಚಪರಾಸಿ ಕೆಲಸ ಕೇಳಲು ಹೋದರೆ ‘ಕನ್ನಡ ಬರ್ತದೇನು’ ಎಂದರಂತೆ. ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ ಎಂದು ವಾಪಸು ಬಂದು ಮತ್ತೆ ಕೂಲಿಗೆ ನಿಂತ.

ಅದೇ ಚಳಿಗಾಲದಲ್ಲಿ ನಮ್ಮ ಓಣಿಯವರೆಲ್ಲ ಬೌದ್ಧರಾದರು. ಅಂದು ಅಪ್ಪ ಒಂದು ಆಣೆ ಮಾಡಿದ. ಇನ್ನು ಮುಂದೆ ಯಾರ ಬಾಗಿಲಲ್ಲೂ ನಿಂತು ರೊಟ್ಟಿ ತೆಗೆದುಕೊಳ್ಳುವುದಿಲ್ಲ.

ಈ ಬಾಗಿಲ ರೊಟ್ಟಿ ಏನೆಂದು ಈಗಿನವರಿಗೆ ಹೇಳಬೇಕು. ಸತ್ತ ದನ ಎಳೆಯುವುದು, ಹಲಗೆ ಬಾರಿಸುವುದು, ಊರಿಂದೂರಿಗೆ ಸಾವಿನ ಸುದ್ದಿ ಒಯ್ಯುವುದು, ಇವೆಲ್ಲ ನಮ್ಮವರ ಕೆಲಸ. ಕೂಲಿ ಎಂದರೆ ರೊಟ್ಟಿ. ಸಂಜೆ ಹೆಂಗಸರು ಮನೆಮನೆಯ ಮುಂದೆ ನಿಂತು “ರೊಟ್ಟಿ ನೀಡ್ರೀ ಯವ್ವಾ” ಎಂದು ಕೂಗಬೇಕು. ಒಳಗಿನಿಂದ ಬಂದವರು ಕೈ ತಾಕದಂತೆ ಮೇಲಿನಿಂದ ಸೆರಗಿಗೆ ಹಾಕುತ್ತಾರೆ. ಬೆಳಗಿನ ರೊಟ್ಟಿ, ಕೆಲವೊಮ್ಮೆ ಮೊನ್ನೆಯದು. ಮನಸ್ಸು ಬಂದರೆ ಮೇಲೆ ಒಂದು ಚಿಟಿಕೆ ಉಪ್ಪು. ಅಜ್ಜಿ ಸತ್ತ ಮೇಲೆ ನಮ್ಮ ಮನೆಯಿಂದ ಹೋಗುತ್ತಿದ್ದವಳು ಅವ್ವ. ತಂದದ್ದರಲ್ಲಿ ಉಳಿದ ಚೂರನ್ನು ಬಿಸಿಲಿಗೆ ಒಣಗಿಸಿ ಗಡಿಗೆಯಲ್ಲಿ ತುಂಬಿಡುತ್ತಿದ್ದಳು. ಕೆಲಸವಿಲ್ಲದ ದಿನ ಅದನ್ನೇ ಬಿಸಿನೀರಲ್ಲಿ ನೆನೆಸಿ, ಖಾರ ಹಾಕಿ ತಿನ್ನುತ್ತಿದ್ದೆವು. ಅಷ್ಟೊತ್ತಿಗೆ ಅದು ಹುಳಿ ಬಂದಿರುತ್ತಿತ್ತು.

ಆಣೆ ಮಾಡಿದ ಮೇಲೆ ಊರವರು ಸುಮ್ಮನಿರುತ್ತಾರೆಯೇ? “ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು” ಎಂದು ನಮ್ಮ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ಹೊಲದ ಕೆಲಸಕ್ಕೂ ಕರೆಯುವುದನ್ನು ಬಿಟ್ಟರು. ಆ ಊರಿನ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಅವ್ವನಿಗೆ ಕೆಮ್ಮು ಹತ್ತಿದ್ದು ಅದಕ್ಕೂ ಮೊದಲೇ. ಬರಬರುತ್ತ ಕೆಮ್ಮಿದಾಗ ಸೆರಗಿಗೆ ರಕ್ತ ಹತ್ತತೊಡಗಿತು. ಹೈದರಾಬಾದಿಗೆ ಒಯ್ದು ತಿಂಗಳುಗಟ್ಟಲೆ ಇಟ್ಟರೆ ವಾಸಿಯಾದೀತು ಎಂದು ತಿಳಿದವರು ಹೇಳಿದರು. ತಿಂಗಳುಗಟ್ಟಲೆ ಅಲ್ಲಿ ಇರುವವರು ಯಾರು, ಇಲ್ಲಿ ದುಡಿಯುವವರು ಯಾರು? ಹಾಗಾಗಿ ಕಷಾಯ ಕುಡಿಯುತ್ತ ಮನೆಯಲ್ಲೇ ಉಳಿದಳು.

ಆಗ ಬಂದವನು ಮಾಮಾ, ಅವ್ವನ ತಮ್ಮ. ಅವ್ವನ ತವರು ಔರಾದ ತಾಲೂಕಿನ ಡಾಬಕಾ. ಆ ಕಡೆಯ ಹೊಲಗಳಲ್ಲಿ ನೆಲ ಕೊರೆದು ನೀರು ಹುಡುಕುವ ಯಂತ್ರದ ಜೊತೆ ಒಬ್ಬ ರಷ್ಯಾದ ಎಂಜಿನಿಯರ್ ಬಂದಿದ್ದ. ಅವನ ಕೈಕೆಳಗೆ ಕೂಲಿಗೆ ಸೇರಿದ ಮಾಮಾ, ಆಮೇಲೆ ಬೀದರಿನ ಅಂಚಿನಲ್ಲಿರುವ ನೌಬಾದದಲ್ಲಿ ಅವನ ಬಂಗಲೆಗೆ ಕಾವಲುಗಾರನಾದ. ಎಂಜಿನಿಯರನ ಹೆಂಡತಿ ಡಾಕ್ಟರು. ಆಸ್ಪತ್ರೆಯಲ್ಲಿ ಕೆಲಸವಿಲ್ಲ, ಮನೆಗೆ ಬಂದವರನ್ನು ನೋಡಿ, ತನ್ನ ದೇಶದಿಂದ ತಂದ ಔಷಧ ಕೊಡುತ್ತಿದ್ದಳು.

“ಅಕ್ಕ, ನಮ್ ಜೀಪ್ ಡ್ರೈವರ್ ನಿನ್ಹಂಗೇ ರಕ್ತ ಕಾರ್ತಿದ್ದ,” ಎಂದ ಮಾಮಾ. “ಆ ಡಾಕ್ಟರ್ ಬಾಯಿ ಗುಳಗಿ ಕೊಟ್ಟು ಕೊಟ್ಟು ಆರಾಮ್ ಮಾಡ್ಯಾಳ. ಈಗ ಕುಸ್ತಿ ಹಿಡಿಲಾಕ ತಯಾರ್ ಆಗ್ಯಾನ ನೋಡು. ನಾ ಹೇಳಿಟ್ಟೀನಿ, ನೀವ್ ಬರ್ರಿ.”

ಭಾಲ್ಕಿಯ ತನಕ ಎತ್ತಿನ ಗಾಡಿ, ಅಲ್ಲಿಂದ ಬೀದರಿಗೆ ರೈಲು, ಸ್ಟೇಷನ್ನಿನಿಂದ ಟಾಂಗಾ. ನನಗೆ ಅದೇ ಮೊದಲ ಪಟ್ಟಣ. ಅವ್ವ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಟಾಂಗಾದಲ್ಲಿ ಕೋಟೆಯ ಗೋಡೆಯನ್ನು ಬೆರಳಿಟ್ಟು ತೋರಿಸಿ “ನೋಡ್, ಎಷ್ಟ್ ದೊಡ್ಡ ಮನಿ, ಇದರ ಬಾಗಲಿಗಿ ನಿಂತ್ರ ಎಷ್ಟ್ ರೊಟ್ಟಿ ಹಾಕ್ತಿದ್ರೋ ಏನೋ” ಎಂದು ನಕ್ಕಳು. ಅಪ್ಪ ನಗಲಿಲ್ಲ.

ಬಂಗಲೆಯ ಮುಂದೆ ಮಾಮಾ ಕಾಯುತ್ತಿದ್ದ. ನಮ್ಮನ್ನು ಕಂಡು ಒಳಗೆ ಸುದ್ದಿ ಮುಟ್ಟಿಸಿದ. ಬಾಗಿಲು ತೆರೆದು ಎತ್ತರದ, ದಪ್ಪನೆಯ ಬಿಳಿ ಹೆಂಗಸು ಹೊಸ್ತಿಲಿಗೆ ಬಂದು ನಿಂತಳು. ಅವಳ ಎರಡೂ ಕೈಗಳ ಮೇಲೆ ಕೆಂಪು ಕಸೂತಿಯ ಉದ್ದನೆಯ ಬಟ್ಟೆ. ಬಟ್ಟೆಯ ಮೇಲೆ ಗುಂಡಗಿನ ಕರಿ ರೊಟ್ಟಿ, ನಮ್ಮ ಹತ್ತಾರು ರೊಟ್ಟಿ ಒಟ್ಟಿದಷ್ಟು ದಪ್ಪ. ಅದರ ನಡುವೆ ಒಂದು ಬಟ್ಟಲಲ್ಲಿ ಉಪ್ಪು. ಬೇರೇನೂ ಇಲ್ಲ. ಒಳಗೆ ಬನ್ನಿ ಎನ್ನಲಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ನಿಂತು, ನಗುತ್ತ ಅದನ್ನು ನಮ್ಮ ಕಡೆ ಚಾಚಿದಳು.

ನಾನು ಅವ್ವನ ಪಕ್ಕದಲ್ಲಿದ್ದೆ. ಅವ್ವ ಯೋಚನೆ ಮಾಡಿದ್ದನ್ನು ನಾನು ಕಾಣಲಿಲ್ಲ. ಅವಳ ಕೈ ತಾನಾಗಿ ಸೊಂಟದ ಸೆರಗನ್ನು ಬಿಚ್ಚಿತು. ಎರಡೂ ಕೈಯಲ್ಲಿ ಅದನ್ನು ಅಗಲ ಮಾಡಿ, ಸ್ವಲ್ಪ ಬಾಗಿ, ಒಡ್ಡಿ ನಿಂತಳು. ಅಷ್ಟು ವರ್ಷ ಬಾಗಿಲುಗಳ ಮುಂದೆ ನಿಂತ ಹಾಗೆಯೇ.

ಅಪ್ಪನ ಮುಖ ಕಪ್ಪಿಟ್ಟಿತು.

“ಏ, ಸೆರಗ ತಗಿ!” ಎಂದ. “ನಾವೇನ್ ರೊಟ್ಟಿ ಬೇಡ್ಲಾಕ ಬಂದೇವಾ ಇಲ್ಲಿ?” ಆಮೇಲೆ ಮಾಮಾನ ಕಡೆ ತಿರುಗಿ, “ನಮ್ ಕುಲ ಯಾರ್ ಹೇಳ್ಯಾರ ಆಕಿಗಿ? ನೀನಾ?” ಎಂದು ಕೇಳಿದ.

ಮಾಮಾ ತಲೆ ತಗ್ಗಿಸಿದ. ಬಂಗಲೆಯ ಅಡುಗೆಯವನ ಹತ್ತಿರ ಏನೋ ಹೇಳಿದ್ದನಂತೆ. ಆದರೆ ಆ ರೊಟ್ಟಿ ಯಾತಕ್ಕೆಂದು ಅವನಿಗೂ ಗೊತ್ತಿರಲಿಲ್ಲ. ಅವನು ಸೇರಿದ ಮೇಲೆ ಹೊಸ ಅತಿಥಿಗಳು ಬಂದಿರಲಿಲ್ಲ; ಗುಳಿಗೆಗೆ ಬರುವವರು ಹಿತ್ತಲಿನಿಂದ ಬರುತ್ತಿದ್ದರು. ನಾವು ಅವನ ನೆಂಟರೆಂದು ಮುಂಬಾಗಿಲು ತೆರೆದಿತ್ತು. ನಮಗೆ ಕಂಡದ್ದು ಇಷ್ಟೇ: ಹೊಸ್ತಿಲಾಚೆ ನಿಂತ ಹೆಂಗಸು, ಪಲ್ಯವಿಲ್ಲದ ರೊಟ್ಟಿ, ಮೇಲೆ ಉಪ್ಪು, ಕೈ ತಾಕದಂತೆ ನಡುವೆ ಬಟ್ಟೆ. ಭಾತಂಬ್ರಾದಲ್ಲಿ ಇಷ್ಟು ಚಂದದ ಬಟ್ಟೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅಪ್ಪ ಅವಳಿಗೆ ಉರ್ದುವಿನಲ್ಲಿ ಬಹಳ ಅದಬು ಮರ್ಯಾದೆಯಿಂದ, ಮೇಂಸಾಬ್, ನಾವು ಬಾಗಿಲಲ್ಲಿ ರೊಟ್ಟಿ ತೆಗೆದುಕೊಳ್ಳುವುದನ್ನು ಬಿಟ್ಟಿದ್ದೇವೆ ಎಂದ. ಅವಳು ಪುಸ್ತಕದಿಂದ ಹಿಂದಿ ಕಲಿತವಳು. ಮಾತು ತಿಳಿಯಿತು, ಅರ್ಥ ತಿಳಿಯಲಿಲ್ಲ. ನಗು ಹಾಗೇ ಮುಖದ ಮೇಲೆ ನಿಂತು ಆರಿತು. ಅಪ್ಪ ಅವ್ವನ ರಟ್ಟೆ ಹಿಡಿದು ಹೊರಟೇಬಿಟ್ಟ. “ಭಾವ, ನಿಲ್ರಿ, ಏನರೆ ಪದ್ಧತಿ ಇರಬೇಕ್ರಿ” ಎಂದು ಮಾಮಾ ಬೆನ್ನು ಹತ್ತಿ ಬಂದ. ಅಪ್ಪ ಹಿಂದೆ ನೋಡಲಿಲ್ಲ. ಅವ್ವ ಒಂದು ಸಲ ನೋಡಿದಳು.

ರೈಲಿನಲ್ಲಿ ಅಪ್ಪ, “ಸಿಟ್ಟ್ ಬಂದದೇನ?” ಎಂದು ಕೇಳಿದ.

“ಯಾಕ ಬರ್ಲಿ,” ಎಂದಳು ಅವ್ವ. “ನೀವ್ ಸರಿ ಮಾಡೀರಿ. ನನ್ ಕೈ ಹಾಳಾಗಿ ಹೋಗ್ಲಿ, ಬ್ಯಾಡ ಅಂದ್ರೂ ಸೆರಗ ಒಡ್ಡತದ.”

ಮತ್ತೆ ಅಲ್ಲಿಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಬೇಸಿಗೆ ಕಳೆಯಿತು. ಮಳೆ ಹಿಡಿದ ಮೇಲೆ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ.

ಹಾಗಿದ್ದಾಗ ಒಂದು ಮಧ್ಯಾಹ್ನ ಮಾಮಾ ಕೆಸರು ತುಳಿಯುತ್ತ ಬಂದ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಬೆಂಗಳೂರಿನಿಂದ ಸರ್ಕಾರದ ದೊಡ್ಡ ಸಾಹೇಬನೊಬ್ಬ ಬಂಗಲೆಗೆ ಬಂದಿದ್ದನಂತೆ. ಡಾಕ್ಟರ್ ಬಾಯಿ ಅದೇ ಬಟ್ಟೆಯ ಮೇಲೆ, ಅದೇ ಕರಿ ರೊಟ್ಟಿ, ಅದೇ ಉಪ್ಪು ಹಿಡಿದು ಅದೇ ಹೊಸ್ತಿಲಲ್ಲಿ ನಿಂತಳಂತೆ. ಸಾಹೇಬ ಒಂದು ಚೂರು ಮುರಿದು, ಉಪ್ಪಿಗೆ ಹಚ್ಚಿ ಬಾಯಿಗೆ ಹಾಕಿಕೊಂಡು ಒಳಗೆ ಹೋದನಂತೆ.

“ನಾ ಕೇಳ್ದೆ ಆಮ್ಯಾಲ. ಅವರ ದೇಶದಾಗ ಅದು ಎಲ್ಲಕ್ಕಿಂತ ದೊಡ್ಡ ಮರ್ಯಾದಿ ಅಂತ, ಭಾವ. ಉಪ್ಪು ರೊಟ್ಟಿ ತಿಂದವ್ರು ಮನಿ ಮಂದಿ ಆದಂಗ ಅಂತ. ನಿಮಗಂತೇ ಹಿಂದಿನ ದಿನ ಸುಟ್ಟು ಇಟ್ಟಿದ್ಳು. ನೀವ್ ಹೋದ ಮ್ಯಾಲ ಅತ್ತಾಳ್ರಿ ಆಕಿ.”

ಅಪ್ಪ ಗೋಡೆಗೆ ಒರಗಿ ಕೂತ. ಒಳಗಿನಿಂದ ಅವ್ವನ ದನಿ ಬಂತು. ಅವಳಿಗೆ ಎಲ್ಲ ಕೇಳಿಸಿತ್ತು.

“ನೋಡ್ರಿ ಮತ್ತ, ನಾ ಸೆರಗ ಒಡ್ಡಿದ್ದೇ ಸರಿ ಇತ್ತು. ನಿಮ್ಮಕಿಂತ ನನ್ ಸೆರಗಿಗಿ ಮನಷ್ಯಾರ ಗುರ್ತ ಜಾಸ್ತಿ ಅದ.” ನಗಲು ಹೋಗಿ ಕೆಮ್ಮಿದಳು. ಆ ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ಗಾಡಿಯಲ್ಲಿ ಹುಲ್ಲು ಹಾಸಿ ಅವ್ವನನ್ನು ಮಲಗಿಸಿದರು. ದಾರಿ ಕೆಸರು, ಎತ್ತುಗಳು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದವು. ಭಾಲ್ಕಿ ಇನ್ನೂ ಕಾಣದಿರುವಾಗಲೇ ಅವ್ವ ಹೋದಳು. ಗಾಡಿಯವನು ಏನೂ ಕೇಳದೆ ಎತ್ತುಗಳನ್ನು ತಿರುಗಿಸಿದ.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಮುದುಕಿಯೊಬ್ಬಳು ನನ್ನ ತಲೆ ಸವರಿ, ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದಳು. ಲೋಕರೂಢಿಯ ಮಾತು. ಅದನ್ನು ಕೇಳಿ ಅಪ್ಪ ಎದ್ದು ಹೊರಗೆ ಹೋದ. ಉಪ್ಪು ಎಂಬ ಶಬ್ದವನ್ನು ಆಗ ಅವನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಜೋಳ ಬಿತ್ತುವ ಹೊತ್ತಿಗೆ ಆ ಬಾಯಿಯೇ ಹೇಳಿ ಕಳಿಸಿದಳು: ತಾಯಿಗೆ ಇದ್ದ ಬೇನೆ ಮಗಳಿಗೂ ಅಂಟಿರಬಹುದು, ಕರೆದುಕೊಂಡು ಬನ್ನಿ. ಅಪ್ಪ ಹೋಗುವುದಿಲ್ಲ ಎಂದುಕೊಂಡಿದ್ದೆ. ಅವನು ಎರಡನೆಯ ಮಾತಾಡದೆ ಹೊರಟ.

ಅದೇ ಗಾಡಿ, ಅದೇ ರೈಲು, ಅದೇ ಹೊಸ್ತಿಲು. ಅವಳು ಮತ್ತೆ ರೊಟ್ಟಿ ಹಿಡಿದೇ ನಿಂತಿದ್ದಳು. ಈ ಸಲ ನಗು ಇರಲಿಲ್ಲ, ಹೆದರಿಕೆ ಇತ್ತು. ಅಪ್ಪ ಚಪ್ಪಲಿ ಬಿಟ್ಟ, ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿದ. ರೊಟ್ಟಿಯ ಅಂಚು ಮುರಿದು, ಉಪ್ಪಿಗೆ ಒತ್ತಿ, ಬಾಯಿಗೆ ಇಟ್ಟುಕೊಂಡ. ಅದು ಗಟ್ಟಿ ರೊಟ್ಟಿ. ಅಗಿಯುವುದಕ್ಕೆ ಸಮಯ ಬೇಕು. ಅಗಿಯುತ್ತ ನಿಂತವನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತು ಅಪ್ಪ ರೊಟ್ಟಿ ತಿಂದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಒಳಗೆ ಮೊದಲು ನನ್ನ ಎದೆ ಬೆನ್ನು ನೋಡಿದಳು, ಉಸಿರು ಎಳೆಸಿದಳು, ಏನೂ ಇಲ್ಲ ಎಂದಳು. ಆಮೇಲೆ ಎಲ್ಲರನ್ನೂ ಮೇಜಿಗೆ ಕೂರಿಸಿದಳು. ಕಾವಲುಗಾರ ಮಾಮಾನನ್ನೂ ಬಿಡಲಿಲ್ಲ. ಅವನು ಕುರ್ಚಿಯ ತುದಿಗೆ ಹಕ್ಕಿಯ ಹಾಗೆ ಕೂತ. ಒಂದು ಕುರ್ಚಿ ಖಾಲಿ ಇತ್ತು. ಅದರ ಮುಂದೆ ಒಂದು ಗಾಜಿನ ಲೋಟದಲ್ಲಿ ನೀರು, ಲೋಟದ ಬಾಯಿಯ ಮೇಲೆ ಒಂದು ತುಂಡು ಕರಿ ರೊಟ್ಟಿ.

ಯಾರು ಬರುವವರಿದ್ದಾರೆ ಎಂದು ಅಪ್ಪ ಕೇಳಿದ.

ನಿಮ್ಮ ಹೆಂಡತಿಗೆ, ಎಂದಳು ಅವಳು. ತಮ್ಮಲ್ಲಿ ತೀರಿಕೊಂಡವರಿಗೆ ಹೀಗೆ ಇಡುತ್ತಾರಂತೆ.

ಮೊದಲು ಬಂದದ್ದು ಕೆಂಪು ಸಾರು. ಬೀಟ್‌ರೂಟ್ ಎಂಬುದನ್ನು ನಾನು ಕಂಡಿರಲಿಲ್ಲ. ಬಿಳಿ ಕೆನೆ ಹಾಕಿ ಕಲಸಿದಾಗ ಅದು ಅವ್ವನ ರಕ್ತ ಹತ್ತಿದ ಸೆರಗಿನ ಬಣ್ಣಕ್ಕೆ ತಿರುಗಿತು, ನಾನು ಚಮಚ ಕೆಳಗಿಟ್ಟೆ. ಚಮಚವೂ ಮರದ್ದು, ಕರಿ ಬಣ್ಣದ ಮೇಲೆ ಕೆಂಪು, ಬಂಗಾರದ ಹೂ. ಬೀದರಿನ ಕರಿ ಹೂಜಿಗೆ ಬಣ್ಣ ಬಳಿದ ಹಾಗೆ. “ತಿನ್ನು,” ಎಂದ ಅಪ್ಪ. “ಅವ್ವಗ ರೊಟ್ಟಿ ಇಟ್ಟ ಮನಿ ಇದು.” ತಿಂದೆ. ಹುಳಿಯೂ ಸಿಹಿಯೂ ಆಗಿ ಬಿಸಿಬಿಸಿ ಇತ್ತು. ಎರಡನೆಯ ತುತ್ತಿಗೆ ಅವ್ವನ ನೆನಪು ಹೋಗಿ ಬರೀ ರುಚಿ ಉಳಿಯಿತು. ಹೊಟ್ಟೆಗೆ ಮಾನವಿಲ್ಲ ಎಂದು ಅಂದು ತಿಳಿಯಿತು ನನಗೆ.

ಆಮೇಲೆ ಕಾವಲಿಯಿಂದ ತೆಳ್ಳನೆಯ ದೋಸೆಗಳು ಬಂದವು, ನಮ್ಮ ಧಿರಡಿಯಂಥವು, ಗೋಧಿ ಹಿಟ್ಟಿನವು. ಬೆಣ್ಣೆ, ಜೇನುತುಪ್ಪದ ಜೊತೆ. ಹಬ್ಬಕ್ಕೂ ಇದೇ, ಸಾವಿಗೂ ಇದೇ ಎಂದಳು. ಮಡಚಿ ಮಡಚಿ ನನ್ನ ತಟ್ಟೆಗೆ ಹಾಕುತ್ತಲೇ ಇದ್ದಳು. ನಾನು ಬೇಡ ಎನ್ನಲಿಲ್ಲ. ಮೂಲೆಯಲ್ಲಿ ಚಹಾಕ್ಕೆ ನೀರು ಕಾಯಿಸುವ, ನಲ್ಲಿ ಇದ್ದ ಹಿತ್ತಾಳೆಯ ಸಮೋವಾರ್ ಹೊಗೆಯಾಡುತ್ತಿತ್ತು. ಅಂಥದ್ದನ್ನು ಅಪ್ಪ ಹೈದರಾಬಾದಿನ ಇರಾನಿ ಹೋಟೆಲಿನಲ್ಲಿ ಹೊರಗಿನಿಂದ ನೋಡಿದ್ದನಂತೆ.

ಚಹಾಕ್ಕೆ ಮೊದಲು ಒಂದು ಹೂಜಿಯಿಂದ ಕಂದು ಬಣ್ಣದ ಪಾನಕ ಬಗ್ಗಿಸಿದಳು. ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

“ಒಣ ರೊಟ್ಟಿ ನೀರು,” ಎಂದ ನನ್ನ ಕಡೆ ನೋಡಿ.

ನಿಜವೇ. ಉಳಿದ ಕರಿ ರೊಟ್ಟಿಯನ್ನು ಒಣಗಿಸಿ, ನೀರಲ್ಲಿ ನೆನೆಸಿ ಹುಳಿ ಬರಿಸಿದ್ದು. ನಮ್ಮ ಗಡಿಗೆಯ ರುಚಿ ಅದರಲ್ಲಿ ಇತ್ತು. ಅಪ್ಪ ಉರ್ದುವಿನಲ್ಲಿ, ಇದು ನಿಮ್ಮಲ್ಲಿ ಬಡವರು ಕುಡಿಯುವುದೇ ಎಂದು ಕೇಳಿದ. ಎಲ್ಲರೂ ಕುಡಿಯುತ್ತಾರೆ ಎಂದಳು. ಆಮೇಲೆ ತಡೆದು ತಡೆದು ತನ್ನ ಊರಿನ ಸುದ್ದಿ ಹೇಳಿದಳು. ಯುದ್ಧದಲ್ಲಿ ಶತ್ರುಗಳು ಆ ಊರನ್ನು ಮುತ್ತಿದ್ದರಂತೆ. ದಿನಕ್ಕೆ ತಲೆಗೊಂದು ರೊಟ್ಟಿಯ ತುಂಡು. ಅವಳ ತಾಯಿ ತನ್ನ ತುಂಡನ್ನು ಮಗಳಿಗೆ ಕೊಟ್ಟು ಕೊಟ್ಟು ಹಸಿವಿನಿಂದ ಸತ್ತಳಂತೆ. ಅಂದಿನಿಂದ ನೆಲಕ್ಕೆ ಬಿದ್ದ ಚೂರನ್ನೂ ತಾನು ಬಿಸಾಡಿಲ್ಲ ಎಂದಳು. ಅದನ್ನು ಕೇಳಿ ಅಪ್ಪ ನಮ್ಮ ರೊಟ್ಟಿಯ ಕಥೆ ಹೇಳಿದ: ಸೆರಗು, ಕೂಗು, ಮೇಲಿನಿಂದ ಬೀಳುವ ಚೂರು, ತನ್ನ ಆಣೆ. ಹೊರಗಿನವರ ಮುಂದೆ ಅವನು ಅದನ್ನು ಅದಕ್ಕೆ ಮೊದಲು ಹೇಳಿರಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು. ಅವಳ ಗಂಡನಿಗೆ ಭಾಷೆ ಬರುತ್ತಿರಲಿಲ್ಲ. ಅವನು ಅಪ್ಪನ ಲೋಟ ಖಾಲಿಯಾದಾಗಲೆಲ್ಲ ತುಂಬುತ್ತಿದ್ದ.

ಹೊರಡುವಾಗ ಅವಳು ನಮ್ಮನ್ನು ತಡೆದಳು. ದೂರ ಹೋಗುವವರು ಹೊರಡುವ ಮುಂಚೆ ಒಂದು ನಿಮಿಷ ಸುಮ್ಮನೆ ಕೂತು ಏಳಬೇಕು, ಅದು ತಮ್ಮಲ್ಲಿ ಪದ್ಧತಿ ಎಂದಳು. ನಮ್ಮಲ್ಲಾದರೆ ಹೊರಟಾಗ ಯಾರಾದರೂ ಸೀನಿದರೆ ಮಾತ್ರ ಕೂರುವುದು. ಯಾರೂ ಸೀನಿರಲಿಲ್ಲ, ಆದರೂ ಎಲ್ಲರೂ ಕೂತೆವು. ಆ ಮೌನದಲ್ಲಿ ಅಪ್ಪ ಕೇಳಿದ.

“ಮೇಂಸಾಬ್, ಅವತ್ತು ಆಕೆ ಒಳಗೆ ಬಂದಿದ್ದರೆ ಉಳಿಯುತ್ತಿದ್ದಳೇ?”

ಅವಳು ಅಪ್ಪನನ್ನು ನೋಡಲಿಲ್ಲ, ಲೋಟದ ಮೇಲಿದ್ದ ರೊಟ್ಟಿಯ ತುಂಡನ್ನು ನೋಡಿದಳು. “ಇಲ್ಲ,” ಎಂದಳು. “ಆಗಲೇ ತಡವಾಗಿತ್ತು. ಬಂದಿದ್ದರೂ ನನ್ನಿಂದ ಏನೂ ಆಗುತ್ತಿರಲಿಲ್ಲ.”

ಅಪ್ಪ ಬಿಟ್ಟ ಉಸಿರು ನನಗೆ ಇನ್ನೂ ಕೇಳಿಸುತ್ತದೆ. ರೈಲಿನಲ್ಲಿ ಅವನು ನಿದ್ದೆ ಮಾಡಿದ. ಅವ್ವ ಹೋದ ಮೇಲೆ ಅವನು ಕಣ್ಣು ಮುಚ್ಚಿದ್ದನ್ನು ಅಂದೇ ನೋಡಿದ್ದು.

ನಾನು ಓದಿ ನರ್ಸ್ ಆದೆ. ಯಾಕೆ ಆದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕ್ಷಯದ ಪಾಠ ಬಂದ ದಿನ ಕೊನೆಯ ಬೆಂಚಿನಲ್ಲಿ ಕೂತು ಅದನ್ನು ಎರಡೆರಡು ಸಲ ಓದಿದೆ. ರಕ್ತ ಕಾರುವವರೂ, ನಡೆದುಕೊಂಡು ಬರುವಷ್ಟು ಶಕ್ತಿ ಇದ್ದು ತಪ್ಪದೆ ಗುಳಿಗೆ ನುಂಗಿದರೆ, ಬದುಕುತ್ತಾರೆ. ಅವ್ವ ಅಂದು ನೌಬಾದದಲ್ಲಿ ಟಾಂಗಾ ಇಳಿದು, ತಾನೇ ನಡೆದು ಹೊಸ್ತಿಲ ತನಕ ಬಂದಿದ್ದಳು. ಜೀಪಿನ ಡ್ರೈವರ್ ಬದುಕಿದ್ದ. ಆ ಹೆಂಗಸು ಡಾಕ್ಟರು; ಅವಳಿಗೆ ಗೊತ್ತಿರದೆ ಇರಲು ಸಾಧ್ಯವಿಲ್ಲ. ಸುಳ್ಳು ಹೇಳಿ ಅಪ್ಪನನ್ನು ಉಳಿಸಿದ್ದಳು. ಅಪ್ಪನ ಮೇಲೆ ನನಗೆ ಅಂದು ಬಂದ ಸಿಟ್ಟು ಊರಿನ ಮೇಲಿನದಕ್ಕಿಂತ ಕಡಿಮೆ ಇರಲಿಲ್ಲ. ಆದರೂ ಅದನ್ನು ಹೇಳಲಿಲ್ಲ. ಅವನಿಗೆ ಆ ಸುಳ್ಳೊಂದೇ ಆಸರೆ ಎಂದುಕೊಂಡೆ.

ನನಗೆ ಔರಾದಕ್ಕೆ ವರ್ಗವಾದಾಗ ಅಪ್ಪ ನನ್ನ ಕ್ವಾರ್ಟರ್ಸಿನಲ್ಲೇ ಬಂದು ಇದ್ದ. ಬೆಳಗಾದರೆ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಅಲ್ಲಿಗೆ ಅವ್ವನ ಹಾಗೆ ಕೆಮ್ಮುವ ಹೆಂಗಸರು ಬರುತ್ತಿದ್ದರು, ಬಾಯಿಗೆ ಸೆರಗು ಒತ್ತಿಕೊಂಡು. ಅಪ್ಪ ಅವರಿಗೆ ಜಾಗ ಬಿಟ್ಟುಕೊಟ್ಟು, ಯಾವ ಊರು, ಎಷ್ಟು ಮಕ್ಕಳು ಎಂದು ವಿಚಾರಿಸುತ್ತಿದ್ದ. ವರ್ಷ ತಿರುಗುವುದರೊಳಗೆ ಅವರಲ್ಲಿ ಎಷ್ಟೋ ಮಂದಿ ಮೈಕೈ ತುಂಬಿಕೊಂಡು, ಅವನಿಗೆ ಕೈಮುಗಿದು ಊರಿಗೆ ಹೋಗುತ್ತಿದ್ದರು. ಅವನು ಅದನ್ನೆಲ್ಲ ನೋಡುತ್ತ ಕೂತಿರುತ್ತಾನೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಒಂದು ದಿನ ಡಾಬಕಾದ ಒಬ್ಬಳು ಗುಣವಾಗಿ ಹೊರಟಳು, ಅವ್ವನ ತವರೂರಿನವಳು. ಅಂದು ಮಧ್ಯಾಹ್ನ ಅಪ್ಪನಿಗೆ ಊಟಕ್ಕೆ ಬಡಿಸಿದೆ. ಬಿಸಿ ರೊಟ್ಟಿ, ಪುಂಡಿ ಪಲ್ಯ. ತಟ್ಟೆಯ ಅಂಚಿಗೆ ಉಪ್ಪು ಇಟ್ಟೆ. ಅವನು ಆ ಉಪ್ಪನ್ನು ಬೆರಳಿನಿಂದ ಮುಟ್ಟಿದ.

“ಆ ಬಾಯಿ ಸುಳ್ಳ್ ಹೇಳಿದ್ಳು,” ಎಂದ.

“ನಿನಗ ಯಾವಾಗ ತಿಳೀತು, ಅಪ್ಪ?”

“ಅವತ್ತೇ ತಿಳಿದಿತ್ತು. ಆಕಿ ನನ್ ಮಾರಿ ನೋಡ್ಲಿಲ್ಲ ನೋಡು. ರೈಲಿನಾಗ ಕಣ್ ಮುಚ್ಚಿದ್ದು ನಿದ್ದಿ ಬಂದಲ್ಲ, ನೀ ಏನರೆ ಕೇಳ್ತಿ ಅಂತ.”

“ಮತ್ತ ಇಷ್ಟ್ ವರ್ಷ ಯಾಕ ಸುಮ್ನಿದ್ದಿ?”

“ಆಕಿ ಬಾಗಲಿಗಿ ನಿಂತು ಉಪ್ಪು ತಿಂದೀನಿ,” ಎಂದ ಅಪ್ಪ. “ಯಾರ ಉಪ್ಪು ತಿಂದೀವಿ, ಅವ್ರ ಮಾತು ಸುಳ್ಳು ಅನಬಾರ್ದು. ನಂಬಬೇಕಾಗ್ತದ.” ಆಮೇಲೆ ರೊಟ್ಟಿ ಮುರಿದು ಉಪ್ಪಿಗೆ ಹಚ್ಚಿದ. ತುತ್ತನ್ನು ತಟ್ಟೆಯ ಮೇಲೆಯೇ ಹಿಡಿದು ಕೂತ. ನಾನು ಮಣಿಕಟ್ಟು ಹಿಡಿದು ತಿನ್ನಿಸಿದೆ.